ಮನೆಯಲ್ಲಿ ಯಾರಿಗೂ ಇಲ್ಲದ ಫಿಟ್ಸ್ ಮಗುವಿಗೆ ಹೇಗೆ ಬಂತು?

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಒಂಬತ್ತನೇ ತಿಂಗಳಲ್ಲಿ ದಡಾರದ ಇಂಜೆಕ್ಷನ್ ಹಾಕಿಸಿದ ಒಂದು ವಾರಕ್ಕೆ ಜ್ವರ ಬಂದು, ಮೈಯ ಎಡಭಾಗ ಮಾತ್ರ ಅದುರಿ, ಅರ್ಧ ಗಂಟೆ ಫಿಟ್ಸ್ ನಿಲ್ಲಲಿಲ್ಲ. ಆಮೇಲೆ ಒಮ್ಮೆ ಬಲಭಾಗಕ್ಕೆ ಬಂತು, ಇನ್ನೊಮ್ಮೆ ಬಿಸಿನೀರು ಹಾಕುವಾಗ ಬಂತು. ಇಇಜಿ, ಎಂಆರ್‌ಐ ನಾರ್ಮಲ್. ಕಾರ್ಬಮಜೆಪೀನ್ ಸಿರಪ್ ಶುರುವಾದ ಮೇಲೆ ಫಿಟ್ಸ್ ಹೆಚ್ಚೇ ಆಗಿದೆ. ಈಗ ಜೀನ್ ಟೆಸ್ಟ್ ಮಾಡಿಸಿ ಎನ್ನುತ್ತಾರೆ. ನಮ್ಮ ಎರಡೂ ಕಡೆ ಯಾರಿಗೂ ಈ ಕಾಯಿಲೆ ಇಲ್ಲ. ಅತ್ತೆ ಇಂಜೆಕ್ಷನ್ನಿಂದ ಆಯಿತೆನ್ನುತ್ತಾರೆ, ನೆಂಟರು ನನ್ನ ತವರಿನ ಕಡೆ ಬೊಟ್ಟು ಮಾಡುತ್ತಾರೆ. ಟೆಸ್ಟ್‌ನಿಂದ ಏನು ಪ್ರಯೋಜನ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಸಿರಪ್ಪಿನ ಮಾತು. ಅದನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ಈ ವಾರವೇ ಮಕ್ಕಳ ನರರೋಗ ತಜ್ಞರ ಹತ್ತಿರ ಹೋಗಿ, ಶುರು ಮಾಡಿದ ಮೇಲೆ ಫಿಟ್ಸ್ ಹೆಚ್ಚಾಯಿತೆಂದು ಹೇಳಿ. ಪತ್ರ ಓದಿ ರೋಗ ನಿರ್ಧರಿಸಲಾಗದು, ನಿಜ. ಆದರೂ ಮೊದಲ ವರ್ಷದಲ್ಲೇ ಜ್ವರದ ಜೊತೆ ಬಹಳ ಹೊತ್ತು ನಿಲ್ಲದ ಫಿಟ್ಸ್, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಬಿಸಿನೀರಿಗೂ ಕೆರಳುವುದು, ಸ್ಕ್ಯಾನ್ ಮಾತ್ರ ನಾರ್ಮಲ್ ಎಂದರೆ ಯಾವ ವೈದ್ಯರಿಗಾದರೂ ಡ್ರಾವೆ ಸಿಂಡ್ರೋಮ್ ನೆನಪಾಗಬೇಕು. ಫ್ರಾನ್ಸಿನ ವೈದ್ಯೆ ಷಾರ್ಲೊಟ್ ಡ್ರಾವೆ 1978ರಲ್ಲಿ ಇದನ್ನು ವಿವರಿಸಿದರು. ಕಾರಣ ತಿಳಿದದ್ದು 2001ರಲ್ಲಿ: ಬೆಲ್ಜಿಯಂನ ಸಂಶೋಧಕರು ಇಂಥ ಏಳು ಮಕ್ಕಳನ್ನು ಪರೀಕ್ಷಿಸಿದಾಗ ಏಳರಲ್ಲೂ ಎಸ್‌ಸಿಎನ್1ಎ ಎಂಬ ಜೀನ್ ಕೆಟ್ಟಿತ್ತು. ತಂದೆ ತಾಯಿಯ ರಕ್ತದಲ್ಲಿ ಆ ದೋಷ ಇರಲೇ ಇಲ್ಲ. ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿಕೊಂಡದ್ದು. ಹಾಗಾಗಿ ನಿಮ್ಮ ತವರಿನವರನ್ನು ದೂರುವವರಿಗೆ ವಿಜ್ಞಾನದ ಬೆಂಬಲವಿಲ್ಲ. ಏನೇ ಆದರೂ ಸೊಸೆಯ ಕಡೆಯವರನ್ನೇ ಕಟಕಟೆಗೆ ನಿಲ್ಲಿಸುವುದು ನಮ್ಮಲ್ಲಿ ಹಳೇ ಚಾಳಿ.

ಇಂಜೆಕ್ಷನ್ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಂಗ್ರಿಡ್ ಶೆಫರ್ ಎಂಬ ಮಕ್ಕಳ ನರರೋಗ ತಜ್ಞೆ, ಸಹೋದ್ಯೋಗಿ ಸ್ಯಾಮ್ಯುಯೆಲ್ ಬರ್ಕೊವಿಕ್ ಜೊತೆ ದಶಕಗಳಿಂದ ಫಿಟ್ಸ್ ಇರುವ ಕುಟುಂಬಗಳ ಬೆನ್ನುಹತ್ತಿದ್ದಾರೆ. ಫಿಟ್ಸ್‌ಗೆ ಕಾರಣವಾಗುವ ಮೊದಲ ಜೀನ್ 1995ರಲ್ಲಿ ಪತ್ತೆಯಾದದ್ದರಲ್ಲೂ ಇವರಿಬ್ಬರ ಪಾಲಿದೆ. 2006ರಲ್ಲಿ ಇವರ ತಂಡ, ಹಿಂದೆ ನಾಯಿಕೆಮ್ಮಿನ ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ನಂಬಿದ್ದ 14 ಮಂದಿಯ ಜೀನ್ ಪರೀಕ್ಷಿಸಿತು. 11 ಮಂದಿಯಲ್ಲಿ ಅದೇ ಎಸ್‌ಸಿಎನ್1ಎ ದೋಷ! ಲಸಿಕೆಯ ಜ್ವರ ಮೊದಲ ಫಿಟ್ಸನ್ನು ಸ್ವಲ್ಪ ಮುಂಚೆ ಹೊರತಂದಿರಬಹುದು, ನೆಗಡಿಯ ಜ್ವರಕ್ಕೂ ಅದು ಬರುತ್ತಿತ್ತು. 2010ರ ಇನ್ನೊಂದು ಅಧ್ಯಯನದಲ್ಲಿ, ಲಸಿಕೆಯ ಬೆನ್ನಿಗೇ ಫಿಟ್ಸ್ ಶುರುವಾದ ಡ್ರಾವೆ ಮಕ್ಕಳಿಗೂ ಉಳಿದ ಡ್ರಾವೆ ಮಕ್ಕಳಿಗೂ ಮುಂದಿನ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮುಂದಿನ ಲಸಿಕೆಗಳನ್ನು ಬಿಡಬೇಡಿ. ಜ್ವರಕ್ಕೆ ಏನು ಮುನ್ನೆಚ್ಚರಿಕೆ ಎಂದು ಕೇಳಿಕೊಂಡು ಹಾಕಿಸಿ. ದಡಾರವೇ ಬಂದರೆ ಆ ಜ್ವರ ಇನ್ನೂ ಜೋರು.

ಟೆಸ್ಟ್‌ನ ಪ್ರಯೋಜನ ನಿಮ್ಮ ಸಿರಪ್ ಬಾಟಲಿಯಲ್ಲೇ ಇದೆ. ಎಸ್‌ಸಿಎನ್1ಎ ಜೀನ್, ನರಕೋಶದೊಳಕ್ಕೆ ಸೋಡಿಯಂ ಬಿಡುವ ದ್ವಾರವನ್ನು ಕಟ್ಟಿಕೊಡುತ್ತದೆ. ಈ ದ್ವಾರ ಹೆಚ್ಚಾಗಿ ಕೆಲಸ ಮಾಡುವುದು ಮಿದುಳಿನ ಬ್ರೇಕ್‌ನಂತಿರುವ ನರಕೋಶಗಳಲ್ಲಿ. ಡ್ರಾವೆ ಮಕ್ಕಳಲ್ಲಿ ಬ್ರೇಕ್ ಮೊದಲೇ ಸಡಿಲ. ಕಾರ್ಬಮಜೆಪೀನ್, ಆಕ್ಸ್‌ಕಾರ್ಬಜೆಪೀನ್, ಲ್ಯಾಮೋಟ್ರಿಜಿನ್, ಫೆನಿಟಾಯಿನ್ ಸೋಡಿಯಂ ದ್ವಾರವನ್ನೇ ತಡೆಯುವ ಔಷಧಿಗಳು. ಬೇರೆ ಫಿಟ್ಸ್‌ಗೆ ಒಳ್ಳೆಯವು, ಇಲ್ಲಿ ಕೆಡುಕು ಮಾಡಬಹುದು. ವ್ಯಾಲ್‌ಪ್ರೊಯೇಟ್, ಕ್ಲೋಬಜಾಮ್, ಸ್ಟಿರಿಪೆಂಟಾಲ್‌ನಂಥವನ್ನು ಆರಿಸಲು ರಿಪೋರ್ಟ್ ದಾರಿ ತೋರಿಸುತ್ತದೆ. ನಿಮ್ಮಿಬ್ಬರ ರಕ್ತವನ್ನೂ ಕೊಡಿ. ಎರಡನೇ ಮಗುವಿನ ಯೋಚನೆಯಿದ್ದರೆ ಅದು ಬೇಕಾಗುತ್ತದೆ. ತಂದೆ ಅಥವಾ ತಾಯಿಯ ಕೆಲವೇ ಜೀವಕೋಶಗಳಲ್ಲಿ ದೋಷ ಅಡಗಿರುವುದೂ ಉಂಟು. ಎರಡನೇ ವರ್ಷದಿಂದ ನಡಿಗೆ, ಮಾತು ನಿಧಾನವಾಗಬಹುದು. ಥೆರಪಿಯನ್ನು ಬೇಗ ಶುರು ಮಾಡಿ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಹಾಕುವುದು ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಮಂಕಾಗಿ ಬೀಳುತ್ತಾನೆ. ಅವರಣ್ಣನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತು. ಇದೂ ಜೀನಿನದ್ದೇ?
– ಒಬ್ಬ ತಂದೆ, ಚಾಮರಾಜನಗರ

ಉತ್ತರ: ಇದು ಡ್ರಾವೆಯಂತಲ್ಲ, ಬಿಸಿನೀರಿನ ಫಿಟ್ಸ್ ಇರಬೇಕು. ಇಡೀ ಜಗತ್ತಿನಲ್ಲಿ ಇದು ಹೆಚ್ಚಾಗಿ ಕಾಣುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಹಳೇ ಮೈಸೂರು ಸೀಮೆಯಲ್ಲಿ. ಚೊಂಬಿನಿಂದ ನೆತ್ತಿಗೆ ಬಡಬಡನೆ ಸುರಿದುಕೊಳ್ಳುವ ನಮ್ಮ ಪದ್ಧತಿಯೂ ಇದಕ್ಕೆ ಕುಮ್ಮಕ್ಕು. ಕೆಲವು ಮನೆಗಳಲ್ಲಿ ಇದು ವಂಶದಲ್ಲಿ ಹರಿಯುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ತಂಡ ನಿಮ್ಹಾನ್ಸ್ ವೈದ್ಯರ ಜೊತೆ ಸೇರಿ 2009ರಲ್ಲಿ ಇದರ ಒಂದು ಮೂಲವನ್ನು ಹತ್ತನೇ ವರ್ಣತಂತುವಿನಲ್ಲಿ ಗುರುತಿಸಿತು. ನಿಮ್ಮ ಮಗನಿಗೆ ಸದ್ಯ ಬೇಕಾದದ್ದು ಅದಕ್ಕಿಂತ ಸರಳ: ಉಗುರುಬೆಚ್ಚಗಿನ ನೀರು, ನಿಧಾನವಾಗಿ ಹುಯ್ದುಕೊಳ್ಳುವುದು, ಬಚ್ಚಲಿಗೆ ಚಿಲಕ ಹಾಕದಿರುವುದು. ಅಷ್ಟಕ್ಕೂ ಬಂದರೆ ತಲೆಸ್ನಾನದ ದಿನ ಮುಂಚಿತವಾಗಿ ಕ್ಲೋಬಜಾಮ್ ಕೊಡುವ ರೂಢಿಯಿದೆ. ಎಷ್ಟು, ಯಾವಾಗ ಎಂಬುದನ್ನು ನಿಮ್ಮ ವೈದ್ಯರೇ ಹೇಳಲಿ.