ಪರೀಕ್ಷೆಯ ಭಯವೂ ದಿನಗಳ ಲೆಕ್ಕವೂ

ಈ ಪಾಠದ ವಿಷಯವು ಬಹಿರಂಗವಾಗಿ ಮಾತಾಡುವದಕ್ಕೆ ನಾಚಿಕೆಯನ್ನುಂಟುಮಾಡುವಂಥದ್ದು. ಆದರೂ ನಾಚಿಕೆಯಿಂದ ಬಾಯಿಮುಚ್ಚಿಕೊಂಡವರ ಮನೆಯಲ್ಲಿಯೇ ಇದರ ಸಂಕಟವು ಹೆಚ್ಚಾಗಿರುವದರಿಂದ ಇಲ್ಲಿ ಬರೆಯುತ್ತೇವೆ.

ಪಟ್ಟಣಕ್ಕೆ ಕೂಲಿಗೆ ಹೋದ ಒಬ್ಬ ಯೌವನಸ್ಥನು ಕಾಂಡೋಮ್ ಇಲ್ಲದೆ ಪರಸ್ತ್ರೀಯ ಸಂಗಮಾಡಿದನೆಂದು ಇಟ್ಟುಕೊಳ್ಳೋಣ. ಮರುದಿನದಿಂದ ಅವನಿಗೆ ನಿದ್ರೆಯಿಲ್ಲ, ಊಟವು ರುಚಿಸದು. ತನಗೆ ಹೆಚ್.ಐ.ವಿ. ಅಂಟಿತೆಂದೇ ನಂಬುತ್ತಾನೆ, ಆದರೆ ಪರೀಕ್ಷೆಗೆ ಹೋಗಲು ಧೈರ್ಯಬಾರದು. ಊರಲ್ಲಿ ಹೆಂಡತಿಯು ಕಾದಿದ್ದಾಳೆ. ಇಂಥವನು ಮಾಡತಕ್ಕದ್ದೇನು? ಭಯವನ್ನು ಎದೆಯಲ್ಲಿಟ್ಟುಕೊಂಡು ಕೂಡ್ರದೆ ದಿನಗಳನ್ನು ಲೆಕ್ಕಿಸತಕ್ಕದ್ದು. ಯಾಕಂದರೆ ಆಯಾ ದಿನಕ್ಕೆ ತಕ್ಕ ಕೆಲಸವುಂಟು.

1. ಮೊದಲನೆಯ 72 ತಾಸುಗಳು. ಇಷ್ಟರೊಳಗೆ ದೊಡ್ಡ ಸರಕಾರೀ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಮರೆಮಾಡದೆ ವೈದ್ಯರಿಗೆ ಹೇಳಬೇಕು. ಅಪಾಯವುಂಟೆಂದು ಅವರಿಗೆ ತೋರಿದರೆ ಸೋಂಕು ನೆಲೆಗೊಳ್ಳದಂತೆ ತಡೆಯುವ ಮಾತ್ರೆಗಳನ್ನು ಕೊಡುವರು. ಅವುಗಳನ್ನು 28 ದಿನ ತಪ್ಪದೆ ನುಂಗಬೇಕು. ಬೇಗ ಆರಂಭಿಸಿದಷ್ಟೂ ಒಳ್ಳೇದು. 72 ತಾಸು ಮೀರಿದ ಮೇಲೆ ಅವುಗಳನ್ನು ಕೊಡುವದಿಲ್ಲ.

2. ಕಾಯುವ ದಿನಗಳು. ಸಾಮಾನ್ಯ ರಕ್ತಪರೀಕ್ಷೆಯು ರೋಗಾಣುವನ್ನು ಎದುರಿಸಲು ಶರೀರವು ಹುಟ್ಟಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಇವು ಹುಟ್ಟುವದಕ್ಕೆ ವಾರಗಳು ಹಿಡಿಯುತ್ತವೆ. ಆದಕಾರಣ ಮರುದಿನದ ಪರೀಕ್ಷೆಯು ಹಿಂದಿನ ಸ್ಥಿತಿಯನ್ನು ಮಾತ್ರ ತಿಳಿಸುವದು. 6 ವಾರಗಳಲ್ಲಿ ಒಮ್ಮೆ, 3 ತಿಂಗಳು ತುಂಬಿದಾಗ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ತಡೆಮಾತ್ರೆ ನುಂಗಿದವನು ವೈದ್ಯರು ಹೇಳಿದ ದಿನಗಳಲ್ಲಿ ಹೋಗಬೇಕು. ಅಷ್ಟರವರೆಗೆ ಹೆಂಡತಿಯ ರಕ್ಷಣೆಗಾಗಿ ಸಂಗವನ್ನು ಬಿಡಬೇಕು, ಇಲ್ಲವೆ ಕಾಂಡೋಮ್ ಉಪಯೋಗಿಸಬೇಕು. ಯಾರಿಗೂ ರಕ್ತದಾನ ಮಾಡಕೂಡದು.

3. ಶರೀರದ ಗುರುತುಗಳು. ಕೆಲವರು ದಿನಕ್ಕೆ ಹತ್ತು ಸಾರಿ ನಾಲಿಗೆಯನ್ನು ನೋಡಿಕೊಳ್ಳುವರು, ಕುತ್ತಿಗೆಯ ಗಂಟುಗಳನ್ನು ತಡವಿಕೊಳ್ಳುವರು. ಆದರೆ ಎದೆಬಡಿತ, ಬೆವರು, ಭೇದಿ, ನಿದ್ರೆಗೇಡು ಇವು ಬರೀ ಭಯದಿಂದಲೂ ಬರುತ್ತವೆ. ಗುರುತುಗಳಿಂದ ಸೋಂಕು ಉಂಟೆಂದಾಗಲಿ ಇಲ್ಲವೆಂದಾಗಲಿ ಹೇಳಕೂಡದು. ಒಂದು ಸಾರಿಯ ಸಂಗದಿಂದ ಅಂಟದೆ ಹೋಗುವದೇ ಹೆಚ್ಚು. ಆದುದರಿಂದ ಶರೀರವನ್ನು ಕೆದಕುವದನ್ನು ಬಿಟ್ಟು ಕೆಲಸದಲ್ಲಿ ಕೈಯಿಡಬೇಕು. ನಂಬಿಗಸ್ತನಾದ ಒಬ್ಬನಿಗೆ ಮನಸ್ಸಿನ ಭಾರವನ್ನು ಹೇಳಿಕೊಳ್ಳಬೇಕು.

4. ಪರೀಕ್ಷೆಯ ದಿನ. ಸರಕಾರೀ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಹಣವಿಲ್ಲದೆ ಪರೀಕ್ಷೆಮಾಡುತ್ತಾರೆ. ಮುಂಚೆಯೂ ಆಮೇಲೂ ಆಪ್ತಸಮಾಲೋಚಕರು ಮಾತಾಡುತ್ತಾರೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸಕೂಡದೆಂದೂ ಫಲವನ್ನು ಗುಟ್ಟಾಗಿಡಬೇಕೆಂದೂ 2017ರ ಕಾಯಿದೆಯು ವಿಧಿಸುತ್ತದೆ. ಮೊದಲನೆಯ ಪರೀಕ್ಷೆಯಲ್ಲಿ ಸಂಶಯ ಕಂಡರೂ ಅದೊಂದರಿಂದಲೇ ತೀರ್ಮಾನಿಸದೆ ಬೇರೆ ಬೇರೆ ವಿಧದ ಮೂರು ಪರೀಕ್ಷೆಗಳಿಂದ ನಿಶ್ಚಯಿಸುವರು. ಸಂದೇಹವಿದ್ದವರು 1097ಕ್ಕೆ ದೂರವಾಣಿಮಾಡಿ ಕೇಳಬಹುದು.

5. ಫಲವನ್ನು ಕೇಳಿದ ಮೇಲೆ. ಸೋಂಕು ಇದ್ದರೆ ಅದು ಮರಣದ ತೀರ್ಪಲ್ಲ. 2004ರಿಂದ ನಮ್ಮ ದೇಶದ ಸರಕಾರೀ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧವನ್ನು ಧರ್ಮಾರ್ಥವಾಗಿ ಕೊಡುತ್ತಾರೆ. ಅದನ್ನು ದಿನವೂ ನುಂಗುವವನು ಬಹುಕಾಲ ಬಾಳಿ ದುಡಿಯಬಹುದು. ರಕ್ತದಲ್ಲಿ ರೋಗಾಣುವು ಪರೀಕ್ಷೆಗೆ ಸಿಕ್ಕದಷ್ಟು ತಗ್ಗಿ ಹಾಗೆಯೇ ನಿಂತರೆ ಸಂಗದಿಂದ ಇನ್ನೊಬ್ಬರಿಗೆ ಅಂಟದು. ನಡುವೆ ಬೇರೆ ಅಪಾಯಕ್ಕೆ ಒಳಗಾಗದವನಿಗೆ 3 ತಿಂಗಳ ಮೇಲೆ ಸೋಂಕಿಲ್ಲವೆಂದು ತಿಳಿದುಬಂದರೆ ಆ ಮಾತನ್ನು ನಂಬತಕ್ಕದ್ದು. ಆಗಲೂ ಭಯವು ಬಿಡದೆ ಮತ್ತೆ ಮತ್ತೆ ರಕ್ತ ಕೊಡಿಸಿದರೆ, ಬೇನೆಯು ರಕ್ತದಲ್ಲಿಲ್ಲ, ಮನಸ್ಸಿನಲ್ಲಿದೆ. ಅದಕ್ಕೂ ಚಿಕಿತ್ಸೆಯುಂಟು. ಬದುಕೇ ಬೇಡವೆಂಬ ಯೋಚನೆ ಬಂದವರು ಒಂದು ಗಳಿಗೆಯೂ ತಡಮಾಡದೆ ಹತ್ತಿರದವರಿಗೆ ಹೇಳಬೇಕು. ಟೆಲಿ ಮಾನಸ್ ಎಂಬ ಸರಕಾರೀ ಸಹಾಯವಾಣಿಯ 14416 ಅಂಕಿಗೆ ಹಗಲಿರುಳೂ ಹಣವಿಲ್ಲದೆ ಮಾತಾಡಬಹುದು.

ಆಲೋಚನೆಗೆ ಪ್ರಶ್ನೆಗಳು:
(1) ಮರುದಿನವೇ ಮಾಡಿಸಿದ ಪರೀಕ್ಷೆಯು ಸಾಲದೇಕೆ?
(2) 72 ತಾಸುಗಳೊಳಗೆ ಮಾಡತಕ್ಕದ್ದೇನು?
(3) ಇಂಥ ಭಯದಲ್ಲಿರುವವನು ನಿಮ್ಮ ಬಳಿಗೆ ಬಂದರೆ, ಅವನ ಗುಟ್ಟನ್ನು ಕಾಪಾಡಿ ಆಸ್ಪತ್ರೆಯ ವರೆಗೆ ಜೊತೆಗೆ ಹೋಗುವಿರಾ?