ನಾದಾರಿ ಅರ್ಜಿಗೆ ಮುನ್ನ

ಮಳೆ ಕೈಕೊಟ್ಟು ಬಡ್ಡಿ ಬೆಳೆದಾಗ, ನಾದಾರಿ ಅರ್ಜಿ ಹಾಕಿದರೆ ಸಾಲವೆಲ್ಲ ಹರಿಯಿತೆಂದು ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಕೆಲವು ರೈತ ಬಾಂಧವರು ತಿಳಿಯುವುದುಂಟು. ಅದು ಪೂರ್ತಿ ನಿಜವಲ್ಲ.

ಇಲ್ಲಿ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯದೆಯೇ ನಡೆಯುತ್ತದೆ. ಸಾಲವು 500 ರೂಪಾಯಿಗೆ ಕಡಿಮೆಯಿಲ್ಲದೆ, ತೀರಿಸಲು ಶಕ್ತಿಯಿಲ್ಲದವನು ಅರ್ಜಿ ಕೊಡಬಹುದು. ನಾದಾರನೆಂದು ಕೋರ್ಟು ಸಾರಿದೊಡನೆ ಆಸ್ತಿಯು ಕೋರ್ಟಿನ ಇಲ್ಲವೆ ರಿಸೀವರನ ವಶವಾಗುತ್ತದೆ; ಹೊಲವೂ ಅದರಲ್ಲಿ ಸೇರಿತು. ಆದರೆ ರೈತನು ವಾಸಿಸುವ ಮನೆ, ಬದುಕಿಗೆ ಬೇಕಾದ ಎತ್ತು, ಒಕ್ಕಲುತನದ ಸಾಮಾನು, ಬಿತ್ತನೆಯ ಕಾಳು, ಅಡಿಗೆಯ ಪಾತ್ರೆ, ಉಡುವ ಬಟ್ಟೆ ಇವುಗಳಿಗೆ ಕೈ ಹಚ್ಚುವಂತಿಲ್ಲ. ಗಹಾಣವಿಟ್ಟ ಆಸ್ತಿಯ ಮೇಲೆ ಮಾತ್ರ ಸಾಲ ಕೊಟ್ಟವನ ಹಕ್ಕು ಹಾಗೆಯೇ ಉಳಿಯುತ್ತದೆ.

ಹೊಲ ಉಳಿಸಲೆಂದು ಮೊದಲೇ ಅಳಿಯನ ಹೆಸರಿಗೆ ಬರೆದುಕೊಡುವುದು ದೊಡ್ಡ ತಪ್ಪು. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಬೆಲೆ ಪಡೆಯದೆ ಮಾಡಿದ ಪತ್ರವನ್ನು ಕೋರ್ಟು ರದ್ದುಪಡಿಸಬಹುದು. ಮೂರು ತಿಂಗಳೊಳಗೆ, ಉಳಿದವರನ್ನು ಬಿಟ್ಟು ಒಬ್ಬನಿಗೇ ಒಲವು ತೋರಿ ತೀರಿಸಿದ ಸಾಲವೂ ನಿಲ್ಲದು. ಸಾಲ ಕೊಟ್ಟವರ ಹೆಸರು, ಮೊತ್ತ, ಇದ್ದ ಆಸ್ತಿ ಒಂದನ್ನೂ ಮುಚ್ಚಿಡದೆ ಅರ್ಜಿಯಲ್ಲಿ ಬರೆಯಬೇಕು.

ಬಿಡುಗಡೆ ತಾನಾಗಿ ಬರುವುದಿಲ್ಲ. ಕೋರ್ಟು ಗೊತ್ತುಪಡಿಸಿದ ಅವಧಿಯಲ್ಲಿ ಅದಕ್ಕೆ ಬೇರೆ ಅರ್ಜಿ ಕೊಡಬೇಕು. ಅಲ್ಲಿಯವರೆಗೆ, ತಾನು ನಾದಾರನೆಂದು ಹೇಳದೆ 50 ರೂಪಾಯಿ ಉದ್ದರಿ ತಂದರೂ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಬಿಡುಗಡೆಯಾದ ಮೇಲೂ ಸರಕಾರದ ಬಾಕಿ, ಮೋಸದಿಂದ ತಂದ ಸಾಲ ತಪ್ಪುವುದಿಲ್ಲ.

ನಾವು ಹೇಳುವುದಿಷ್ಟೆ: ಮೊದಲು ಸಾಲ ಕೊಟ್ಟವರೊಡನೆ ಕಂತಿನ ಮಾತು ಆಡಿ ನೋಡಿರಿ. ಆಗದಿದ್ದರೆ ಕಾಗದಪತ್ರಗಳನ್ನೆಲ್ಲ ಕಟ್ಟಿಕೊಂಡು ತಾಲೂಕಾ ವಿಧಿ ಸೇವಾ ಸಮಿತಿಗೆ ಹೋಗಿರಿ. ಬಡವರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ ದೊರೆಯುತ್ತದೆ. ಯಾರಿಗಾದರೂ ಹೊಲ ಬರೆದುಕೊಟ್ಟ ಮೇಲೆ ಹೋಗಬೇಡಿರಿ, ಮೊದಲೇ ಹೋಗಿರಿ.