ಬೆಳಕು ಆಡುವ ಮಾತು

ನಡುಮನೆಯಲ್ಲಿ ಕುಳಿತ ಅಜ್ಜಿಯೊಬ್ಬರನ್ನು ನೆನೆಯಿರಿ. ಬೆಳಗಿನ ಹೊತ್ತು ಕಿಟಕಿಯಿಂದ ಎಳೆಬಿಸಿಲು ಬಿದ್ದಾಗ ಅವರ ಮುಖದ ಸುಕ್ಕುಗಳಲ್ಲಿಯೂ ವಾತ್ಸಲ್ಯ ಕಾಣುತ್ತದೆ. ಸಂಜೆ ವಿದ್ಯುತ್ತು ಹೋಗಿ, ನೆಲದ ಮೇಲಿಟ್ಟ ದೀಪದ ಬೆಳಕು ಗಲ್ಲದ ಕೆಳಗಿನಿಂದ ಮೇಲೇರಿದಾಗ ಅದೇ ಮುಖವನ್ನು ಕಂಡು ಎಳೆಯ ಮಕ್ಕಳು ಬೆಚ್ಚುವುದುಂಟು. ಅಜ್ಜಿ ಬದಲಾಗಲಿಲ್ಲ, ಅವರ ಮನಸ್ಸೂ ಬದಲಾಗಲಿಲ್ಲ. ಬದಲಾದದ್ದು ಬೆಳಕು ಬಂದ ದಿಕ್ಕು ಮಾತ್ರ. ಆದರೂ ನಮ್ಮ ಭಾವನೆ ಬದಲಾಯಿತು. ಚಲನಚಿತ್ರವೆಂಬ ಕಲೆಯ ಶಕ್ತಿ ಅಡಗಿರುವುದು ಈ ಸಣ್ಣ ಅನುಭವದಲ್ಲಿಯೇ.

ನಾಟಕಕ್ಕೂ ಚಲನಚಿತ್ರಕ್ಕೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಬೆಂಗಳೂರಿನ ಜೆ.ಪಿ. ನಗರದಲ್ಲಿ ನಟ, ನಿರ್ದೇಶಕ ಶಂಕರ್ ನಾಗ್ ಅವರ ನೆನಪಿಗಾಗಿ ಕಟ್ಟಿದ ರಂಗಶಂಕರವೆಂಬ ರಂಗಮಂದಿರವಿದೆ. ಅದು ಪ್ರಾರಂಭವಾದದ್ದು 2004ರಲ್ಲಿ. ಅಲ್ಲಿ ನಾಟಕ ನೋಡಲು ಕುಳಿತವನು ಕೊನೆಯವರೆಗೂ ತನ್ನ ಆಸನದಿಂದಲೇ ನೋಡಬೇಕು. ಪಾತ್ರಧಾರಿಗೂ ಅವನಿಗೂ ಇರುವ ದೂರ ಹೆಚ್ಚು ಕಡಿಮೆಯಾಗುವುದು ನಟನು ನಡೆದಾಡಿದಾಗ ಮಾತ್ರ. ಎಲ್ಲಿ ನೋಡಬೇಕೆಂಬುದನ್ನೂ ಬಹುಮಟ್ಟಿಗೆ ಅವನೇ ನಿರ್ಧರಿಸುತ್ತಾನೆ. ಚಲನಚಿತ್ರದಲ್ಲಿ ಹಾಗಲ್ಲ. ಅಲ್ಲಿ ಕ್ಯಾಮೆರಾ ಪ್ರೇಕ್ಷಕನ ಕೈ ಹಿಡಿದು ನಡೆಸುತ್ತದೆ. ಒಮ್ಮೆ ಬೆಟ್ಟದ ತುದಿಗೆ ಒಯ್ಯುತ್ತದೆ. ಮರುಕ್ಷಣ ಅಳುವ ಕಣ್ಣಿನ ಎದುರಿಗೆ ನಿಲ್ಲಿಸುತ್ತದೆ. ಏನನ್ನು ತೋರಿಸಬೇಕು, ಏನನ್ನು ಚೌಕಟ್ಟಿನ ಹೊರಗೆ ಬಿಡಬೇಕು ಎಂಬುದನ್ನು ಮತ್ತೊಬ್ಬರು ಮೊದಲೇ ನಿರ್ಧರಿಸಿರುತ್ತಾರೆ. ಆದ್ದರಿಂದ ಚಿತ್ರವನ್ನು ನೋಡುವುದೆಂದರೆ ಇನ್ನೊಬ್ಬರ ಕಣ್ಣನ್ನು ಸ್ವಲ್ಪ ಹೊತ್ತು ಎರವಲು ಪಡೆಯುವುದು.

ಹೀಗೆ ಕಣ್ಣನ್ನು ಎರವಲು ಕೊಟ್ಟವರಲ್ಲಿ ನಮ್ಮ ನಾಡಿನ ವಿ.ಕೆ. ಮೂರ್ತಿಯವರದು ದೊಡ್ಡ ಹೆಸರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಛಾಯಾಗ್ರಹಣವನ್ನು ಅಭ್ಯಾಸ ಮಾಡಿದ್ದು ಬೆಂಗಳೂರಿನಲ್ಲಿ. ಬಳಿಕ ಮುಂಬಯಿಗೆ ಹೋಗಿ ನಿರ್ದೇಶಕ ಗುರುದತ್ತರ ಚಿತ್ರಗಳಿಗೆ ಛಾಯಾಗ್ರಾಹಕರಾದರು. 1959ರಲ್ಲಿ ತೆರೆಕಂಡ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಒಬ್ಬ ನಿರ್ದೇಶಕನೂ ಒಬ್ಬ ನಟಿಯೂ ಬರಿದಾದ ಸ್ಟುಡಿಯೋದಲ್ಲಿ ಎದುರುಬದುರಾಗಿ ನಿಂತಿರುವ ಸನ್ನಿವೇಶವಿದೆ. ಇಬ್ಬರಿಗೂ ಪರಸ್ಪರ ಪ್ರೀತಿಯುಂಟು. ಆದರೆ ಒಂದಾಗಿ ಬಾಳುವ ಅವಕಾಶವಿಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿಸದೆ ತೋರಿಸುವುದು ಹೇಗೆ?

ಮೂರ್ತಿಯವರು ಸೂರ್ಯನ ಬೆಳಕನ್ನೇ ಸ್ಟುಡಿಯೋದ ಒಳಗೆ ತಂದರು. ಹೊರಗೆ ಒಂದು ದೊಡ್ಡ ಕನ್ನಡಿಯನ್ನಿಟ್ಟು ಬಿಸಿಲನ್ನು ಹಿಡಿದರು. ಆ ಬಿಸಿಲು ಒಳಗೆ ಎತ್ತರದಲ್ಲಿಟ್ಟ ಮತ್ತೊಂದು ಕನ್ನಡಿಗೆ ತಾಗಿ, ಅಲ್ಲಿಂದ ಬೆಳಕಿನ ಕಂಬದಂತೆ ನೆಲಕ್ಕಿಳಿಯಿತು. ಗಾಳಿಯಲ್ಲಿ ತೆಳುವಾಗಿ ಹೊಗೆಯಾಡಿಸಿದ್ದರಿಂದ ಆ ಕಿರಣದ ಅಂಚು ಸ್ಪಷ್ಟವಾಗಿ ಕಂಡಿತು. ಸುತ್ತಲೂ ಕತ್ತಲೆ, ನಡುವೆ ಈ ಬೆಳಕು. ಇಬ್ಬರ ದೇಹಗಳು ದೂರದಲ್ಲಿಯೇ ನಿಂತಿರುತ್ತವೆ. ಅವರ ಆತ್ಮಗಳೋ ಎಂಬಂತಹ ರೂಪಗಳು ಬೆಳಕಿನಲ್ಲಿ ಒಂದನ್ನೊಂದು ಸೇರುತ್ತವೆ. ಬಯಕೆಯೂ ಅಸಹಾಯಕತೆಯೂ ಒಟ್ಟಿಗೆ ನಮ್ಮ ಮನಸ್ಸನ್ನು ತಟ್ಟುತ್ತವೆ. ಇದಕ್ಕೆ ಬೇಕಾದದ್ದು ಎರಡು ಕನ್ನಡಿ, ಒಂದಿಷ್ಟು ಹೊಗೆ, ಎಲ್ಲರ ಮೇಲೂ ಬೀಳುವ ಬಿಸಿಲು. ಉಳಿದುದೆಲ್ಲ ನೋಡಬಲ್ಲ ಕಣ್ಣಿನ ಕೆಲಸ. ಚಿತ್ರ ಬಿಡುಗಡೆಯಾದಾಗ ಜನ ಅದನ್ನು ಮೆಚ್ಚಲಿಲ್ಲ. ಕಾಲ ಸರಿದ ಮೇಲೆ ಅದರ ಬೆಲೆ ತಿಳಿಯಿತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವವನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ಬೆಳಕಿನಂತೆಯೇ ಸ್ಥಳವೂ ಪಾತ್ರವನ್ನು ರೂಪಿಸುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರ ನಾಯಕ ರಾಮಾಚಾರಿ ಮುಂಗೋಪಿ, ಹಟಮಾರಿ. ಆದರೆ ಗುರುವಿನ ಮಾತಿಗೆ ಕರಗುವವನು. ಅವನನ್ನು ನಿರ್ದೇಶಕರು ಮತ್ತೆ ಮತ್ತೆ ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆ ನಿಲ್ಲಿಸುತ್ತಾರೆ. ಆ ಬಂಡೆಗಳ ಒರಟುತನ ಅವನ ಸ್ವಭಾವದೊಂದಿಗೆ ಬೆರೆತುಹೋಗುತ್ತದೆ. ಅವನು ಹಸಿರು ತೋಟದಲ್ಲಿ ನಿಂತು ಕೋಪಿಸಿಕೊಂಡಿದ್ದರೆ ನಾವು ಅವನನ್ನು ಬೇರೆ ಬಗೆಯಲ್ಲಿ ತಿಳಿಯುತ್ತಿದ್ದೆವು. ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ ಮನುಷ್ಯನನ್ನು ಎತ್ತರವಾಗಿಸುತ್ತದೆ. ಮೇಲಿನಿಂದ ಕೆಳಕ್ಕೆ ನೋಡುವುದು ಅವನನ್ನು ಕುಗ್ಗಿಸುತ್ತದೆ. ಬಹು ದೂರದಿಂದ ನೋಡಿದಾಗ ಅವನು ಒಂಟಿಯಾಗುತ್ತಾನೆ. ಇವು ಛಾಯಾಗ್ರಾಹಕನ ವ್ಯಾಕರಣದ ಮೊದಲ ಪಾಠಗಳು.

ಉಡುಪು, ಬಣ್ಣಗಳ ವಿಷಯವೂ ಹೀಗೆಯೇ. ‘ಶರಪಂಜರ’ (1971) ವರ್ಣಚಿತ್ರದಲ್ಲಿ ನಟಿ ಕಲ್ಪನಾ ಧರಿಸಿದ ಸೀರೆಗಳು ಅಂದು ಮನೆಮನೆಯ ಮಾತಾಗಿದ್ದವು. ಆದರೆ ಆ ಚಿತ್ರ ಮನೋರೋಗಕ್ಕೆ ತುತ್ತಾಗಿ, ಗುಣಹೊಂದಿ ಬಂದ ಬಳಿಕವೂ ಸುತ್ತಲಿನವರ ಸಂಶಯದ ನೋಟದಿಂದ ಬಿಡುಗಡೆ ಪಡೆಯದ ಹೆಣ್ಣಿನ ಕಥೆ. ಸೀರೆಯನ್ನಷ್ಟೇ ನೆನಪಿಟ್ಟುಕೊಂಡು ಬಂದವನು ಬಣ್ಣವನ್ನು ಕಂಡ, ಹೆಣ್ಣಿನ ನೋವನ್ನು ಕಾಣಲಿಲ್ಲ. ನೋಡುವುದು ಬೇರೆ, ಕಾಣುವುದು ಬೇರೆ.

ಇನ್ನು ಬಣ್ಣವೇ ಇಲ್ಲದ ಚಿತ್ರವೊಂದನ್ನು ಪರಿಶೀಲಿಸೋಣ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು. ಇದು ಅವರ ಮೊದಲ ಕಥಾಚಿತ್ರ. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ವೇದ ಕಲಿಯಲು ಬಂದ ನಾಣಿಯೆಂಬ ಪುಟ್ಟ ಹುಡುಗ ಗುರುಗಳ ಮನೆಯಲ್ಲಿ ಒಂಟಿಯಾಗಿದ್ದಾನೆ. ಆ ಮನೆಯ ಬಾಲವಿಧವೆ ಯಮುನಕ್ಕ ಅವನಿಗೆ ತಾಯಿಯಂತೆ ಆಸರೆ. ಆಕೆಯಿಂದ ಒಂದು ತಪ್ಪು ನಡೆದುಹೋಯಿತೆಂದು ಊರು ಆಕೆಯನ್ನು ಬಹಿಷ್ಕರಿಸುತ್ತದೆ. ಬದುಕಿರುವಾಗಲೇ ಆಕೆಗೆ ಶ್ರಾದ್ಧ ಮಾಡುತ್ತದೆ.

ಈ ಕಥೆಯ ಬಹುಭಾಗವನ್ನು ನಾವು ಕಾಣುವುದು ನಾಣಿಯ ಕಣ್ಣಿನಿಂದ. ದೊಡ್ಡವರ ಪಿಸುಮಾತು ಅವನಿಗೆ ಪೂರ್ತಿಯಾಗಿ ಅರ್ಥವಾಗದು. ಆದರೆ ಯಮುನಕ್ಕನ ಮುಖದ ಮೇಲಿನ ಭಯ ಅರ್ಥವಾಗುತ್ತದೆ. ಮಲೆನಾಡಿನ ಮನೆಯ ಕತ್ತಲು, ಕಾಡಿನ ಇರುಳು ಇವು ಕೇವಲ ಹಿನ್ನೆಲೆಯಲ್ಲ. ಆಕೆಯನ್ನು ಸುತ್ತುವರಿದ ಸಮಾಜವೇ ಕತ್ತಲಾಗಿ ಕಾಣುತ್ತದೆ. ಕಪ್ಪು-ಬಿಳುಪಿನಲ್ಲಿ ಕಣ್ಣನ್ನು ಬೇರೆಡೆಗೆ ಸೆಳೆಯುವ ಬಣ್ಣವಿಲ್ಲ. ನೆರಳು ಎಲ್ಲಿ ಮುಗಿಯಿತು, ಮುಖ ಎಲ್ಲಿ ಪ್ರಾರಂಭವಾಯಿತು ಎಂಬುದನ್ನೇ ನಾವು ಗಮನಿಸುತ್ತೇವೆ. ಕೊನೆಯಲ್ಲಿ ತಂದೆಯೊಡನೆ ಊರು ಬಿಟ್ಟು ಹೊರಟ ನಾಣಿಗೆ, ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನಕ್ಕ ಕಾಣುತ್ತಾಳೆ. ಅಲ್ಲಿ ಆಕೆಯ ಪರವಾಗಿ ಯಾರೂ ವಾದಿಸುವುದಿಲ್ಲ. ಆ ರೂಪವೇ ನಮ್ಮನ್ನು ಕೇಳುತ್ತದೆ: ಈಕೆಗೆ ಈ ಶಿಕ್ಷೆ ನ್ಯಾಯವೆ? ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಕೃತಿಯನ್ನು ದುರಸ್ತಿಗೊಳಿಸಿ, 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿಸಲಾಯಿತು. ಕನ್ನಡವನ್ನರಿಯದ ಪ್ರೇಕ್ಷಕನಿಗೂ ಒಂಟಿಯಾಗಿ ಕುಳಿತ ಆ ಹೆಣ್ಣಿನ ದುಃಖವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಎಚ್ಚರ ಅವಶ್ಯ. ನೊಂದವರ ಪರವಾಗಿ ಮರುಕ ಹುಟ್ಟಿಸುವ ಈ ಉಪಾಯಗಳೇ ನಿರಪರಾಧಿಯ ಮೇಲೆ ದ್ವೇಷವನ್ನೂ ಹುಟ್ಟಿಸಬಲ್ಲವು. ಎಷ್ಟೋ ಚಿತ್ರಗಳಲ್ಲಿ ಕಪ್ಪು ಮೈಬಣ್ಣದವನು ಖಳನಾಗುತ್ತಾನೆ, ಬೆಳ್ಳಗಿರುವವನು ನಾಯಕನಾಗುತ್ತಾನೆ. ಬಡವರ ಕೇರಿಯೆಂದರೆ ಕತ್ತಲೆ, ಕಳ್ಳತನ ಎಂಬಂತೆ ಚಿತ್ರಿಸುತ್ತಾರೆ. ಇಂಥದನ್ನು ಹಲವು ಬಾರಿ ನೋಡಿದ ಹುಡುಗ ಬೀದಿಯಲ್ಲಿ ಎದುರಾದ ಅಪರಿಚಿತನನ್ನೂ ಅದೇ ಬೆಳಕಿನಲ್ಲಿ ಅಳೆಯತೊಡಗುತ್ತಾನೆ. ಯಾರೂ ಅವನಿಗೆ ಸುಳ್ಳು ಹೇಳಲಿಲ್ಲ. ಸುಳ್ಳನ್ನು ತೋರಿಸಿದರು, ಅಷ್ಟೆ. ಕೇಳಿದ ಸುಳ್ಳಿಗಿಂತ ಕಂಡ ಸುಳ್ಳು ಬೇಗ ಬೇರೂರುತ್ತದೆ. ಇಂದು ಅಂಗೈಯಲ್ಲಿಯೇ ಚಲಿಸುವ ಚಿತ್ರಗಳು ಬಂದು ಕುಳಿತಿರುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇಂತಹ ಎಚ್ಚರವನ್ನು ಅಭ್ಯಾಸದಿಂದ ಗಳಿಸಬಹುದು. ಬೆಂಗಳೂರಿನ ಬನಶಂಕರಿಯಲ್ಲಿ ನೆಲೆಸಿರುವ ‘ಸುಚಿತ್ರ’ ಫಿಲ್ಮ್ ಸೊಸೈಟಿ 1971ರಲ್ಲಿ ಹುಟ್ಟಿದ್ದೇ ಒಳ್ಳೆಯ ಚಿತ್ರಗಳನ್ನು ನೋಡಿ, ಅವನ್ನು ಕುರಿತು ಚರ್ಚಿಸುವುದಕ್ಕಾಗಿ. ನೀವು ಮನೆಯಲ್ಲಿಯೂ ಇದನ್ನು ಮಾಡಬಹುದು. ನಿಮಗೆ ಇಷ್ಟವಾದ ಚಿತ್ರದ ಒಂದು ದೃಶ್ಯವನ್ನು ಧ್ವನಿಯಿಲ್ಲದೆ ನೋಡಿರಿ. ಬೆಳಕು ಯಾವ ಕಡೆಯಿಂದ ಬಂದಿದೆ? ಯಾರ ಮುಖ ಹತ್ತಿರದಲ್ಲಿದೆ, ಯಾರದು ದೂರದಲ್ಲಿದೆ? ಯಾರನ್ನು ತೋರಿಸಲೇ ಇಲ್ಲ? ಇಷ್ಟನ್ನು ಕೇಳಿಕೊಂಡ ಮೇಲೆ ಆ ಪಾತ್ರವನ್ನು ಮೆಚ್ಚಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಿರಿ. ಎರವಲು ಪಡೆದ ಕಣ್ಣಿನಿಂದ ನೋಡಿದರೂ ತೀರ್ಪು ನಮ್ಮದೇ ಆಗಿರಬೇಕು.

ಅಭ್ಯಾಸ

1. ನಾಟಕದ ಪ್ರೇಕ್ಷಕನಿಗೂ ಚಲನಚಿತ್ರದ ಪ್ರೇಕ್ಷಕನಿಗೂ ಇರುವ ಭೇದವೇನು?
2. ವಿ.ಕೆ. ಮೂರ್ತಿಯವರು ಸೂರ್ಯನ ಬೆಳಕನ್ನು ಸ್ಟುಡಿಯೋದೊಳಗೆ ತಂದ ಬಗೆಯನ್ನು ವಿವರಿಸಿರಿ.
3. ‘ಕೇಳಿದ ಸುಳ್ಳಿಗಿಂತ ಕಂಡ ಸುಳ್ಳು ಬೇಗ ಬೇರೂರುತ್ತದೆ.’ ಈ ಮಾತನ್ನು ನಿಮ್ಮ ಅನುಭವದ ಒಂದು ಉದಾಹರಣೆಯೊಡನೆ ಸ್ಪಷ್ಟಪಡಿಸಿರಿ.